ಹುಲ್ಲುಹಾಸಿನ ಮೂಲೆಯಲ್ಲಿ ಮಗಳಿಗೊಂದು ತರಕಾರಿ ಪಾತಿ: ಎಲ್ಲಿಂದ ಆರಂಭಿಸಬೇಕು?

ಹೊಸಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಎರಡು ವರ್ಷದ ಹಿಂದೆ ಮನೆ ಕೊಂಡೆವು. ಮುಂಭಾಗದಲ್ಲಿ ಹಿಂದಿನ ಮಾಲೀಕರು ಬೆಳೆಸಿದ, ಸುಮಾರು 20 ಅಡಿ ಉದ್ದ, 15 ಅಡಿ ಅಗಲದ ಹುಲ್ಲುಹಾಸಿದೆ. ಆರು ವರ್ಷದ ನನ್ನ ಮಗಳು ಶಾಲೆಯಲ್ಲಿ ಒದ್ದೆ ಹತ್ತಿಯ ಮೇಲೆ ಮೊಳಕೆ ಬರಿಸಿದ ಹೆಸರುಕಾಳನ್ನು ತಂದು ಆ ಹುಲ್ಲಿನ ನಡುವೆ ನೆಟ್ಟಿದ್ದಳು. ಅದು ನಾಲ್ಕು ಎಲೆ ಬಿಡುವಷ್ಟರಲ್ಲಿ, ಹುಲ್ಲು ಕತ್ತರಿಸಲು ಬಂದವರು ತಿಳಿಯದೆ ಅದನ್ನೂ ಸವರಿಬಿಟ್ಟರು. ಅಂದಿನಿಂದ ಯಾರೂ ಕತ್ತರಿಸಬಾರದಂತಹ ತೋಟವೊಂದು ತನಗೆ ಬೇಕೆಂದು ಹಟ ಹಿಡಿದಿದ್ದಾಳೆ.

ಈಗ ಮೇ ತಿಂಗಳ ನಡುಭಾಗ. ಮುಂಗಾರು ಹಿಡಿಯುವ ಮೊದಲು ಪಾತಿ ಸಿದ್ಧವಾಗಬೇಕೆಂಬ ಆಸೆ. ಹುಲ್ಲು ತೆಗೆಯಲು ಕಳೆನಾಶಕ ಸಿಂಪಡಿಸುವುದೇ ಸುಲಭವೆಂದು ನರ್ಸರಿಯೊಂದರಲ್ಲಿ ಹೇಳಿದರು. ಮಗು ಬರಿಗಾಲಿನಲ್ಲಿ ಓಡಾಡುವ ಜಾಗವಾದ್ದರಿಂದ ನನ್ನ ಮನಸ್ಸು ಒಪ್ಪಲಿಲ್ಲ. ಹಳೆಯ ಪತ್ರಿಕೆಗಳನ್ನು ಹಾಸಿ ಮೇಲೆ ಮಣ್ಣು ಸುರಿದರೆ ಹುಲ್ಲು ತಾನಾಗಿಯೇ ಸಾಯುತ್ತದೆಂದು ಓದಿದ್ದೇನೆ. ಅದು ನಿಜವೇ? ಮನೆಯ ಗೋಡೆಯ ಪಕ್ಕದ ಜಾಗ ಆಗಬಹುದೇ? ಮೊದಲು ಏನು ಬಿತ್ತಬೇಕು?

ಗೊಬ್ಬರಗುಂಡಿ, ತುಮಕೂರು

ಕಳೆನಾಶಕದ ಬಗ್ಗೆ ನಿಮ್ಮ ಮನಸ್ಸು ಹೇಳಿದ್ದೇ ಸರಿ. ಪತ್ರಿಕೆ ಹಾಸುವ ಉಪಾಯದ ಬಗ್ಗೆ ಹೇಳುವ ಮುನ್ನ ನಿಮ್ಮ ಹುಲ್ಲು ಯಾವುದೆಂದು ತಿಳಿಯಬೇಕು. ಒಂದು ಹಿಡಿ ಹುಲ್ಲನ್ನು ಬುಡಸಮೇತ ಕಿತ್ತು ನೋಡಿ. ಮಣ್ಣಿನೊಳಗೆ ಬಿಳಿಯ, ಗಿಣ್ಣುಗಿಣ್ಣಾದ ಗಟ್ಟಿ ಬೇರುಕಾಂಡ ಅಡ್ಡಡ್ಡ ಹರಿದಿದ್ದರೆ ಅದು ಬಹುಶಃ ಗರಿಕೆ. ಪತ್ರಿಕೆಯ ಕೆಳಗೆ ಬೇರೆ ಹುಲ್ಲುಗಳು ಬೆಳಕಿಲ್ಲದೆ ಕೊಳೆಯಬಹುದು. ಗರಿಕೆ ಮಾತ್ರ ಕಾದು ಕುಳಿತು, ನೀವು ಬೆಂಡೆಗೆ ಹಾಕಿದ ಗೊಬ್ಬರವನ್ನು ತಾನು ತಿಂದು ಮೇಲೆ ಬರುತ್ತದೆ. ಅದನ್ನು ಗುದ್ದಲಿಯಿಂದ ಅಗೆದು, ಬೆರಳಿನಿಂದ ಆರಿಸಿ ತೆಗೆಯುವುದನ್ನು ಬಿಟ್ಟು ನಾನು ಬೇರೆ ದಾರಿ ಕಂಡಿಲ್ಲ.

ಮನೆಯ ಗೋಡೆಯ ಪಕ್ಕ ಬೇಡ. ಈಚಿನ ಮನೆಗಳಿಗೆ ಗೆದ್ದಲು ತಡೆಯಲು ಅಡಿಪಾಯದ ಸುತ್ತ ಮಣ್ಣಿಗೆ ಕೀಟನಾಶಕ ಹಾಕಿಸುವ ರೂಢಿಯಿದೆ. ನಿಮ್ಮ ಮನೆಗೆ ಹಾಕಿಸಿದ್ದಾರೋ ಇಲ್ಲವೋ ಗೊತ್ತಿಲ್ಲದಿರುವಾಗ, ತಿನ್ನುವ ಸೊಪ್ಪನ್ನು ಅಲ್ಲಿ ಬೆಳೆಯುವುದು ಜಾಣತನವಲ್ಲ. ಗೋಡೆಯಿಂದ ಐದಾರು ಅಡಿ ದೂರದಲ್ಲಿ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಹುಡುಕಿ. ಅಲ್ಲಿ ಒಂದು ಅಡಿ ಆಳದ ಪರೀಕ್ಷೆಯ ಗುಂಡಿ ತೋಡಿ, ಏನು ಸಿಕ್ಕಿತೆಂದು ಇಲ್ಲಿ ತಿಳಿಸಿ. ಬಡಾವಣೆಯ ಹುಲ್ಲುಹಾಸುಗಳ ಅಡಿಯಲ್ಲಿ ಏನಿರುತ್ತದೆಂಬುದರ ಬಗ್ಗೆ ನನಗೊಂದು ಅನುಮಾನವಿದೆ.

ಹಿತ್ತಲಜ್ಜಿ, ಶಿರಸಿ

ಮಣ್ಣಿನ ವಿಚಾರ ಅವರು ಹೇಳಿದ್ದಾರೆ. ನಾನು ಮಗುವಿನ ವಿಚಾರ ಹೇಳುತ್ತೇನೆ. ಮೂರು ವರ್ಷದ ಹಿಂದೆ ಮೊಮ್ಮಗನಿಗೆಂದು ಉತ್ಸಾಹದಿಂದ ಆರು ಪಾತಿ ಮಾಡಿದೆ. ಮೂರನೆಯ ವಾರಕ್ಕೆ ಅವನಿಗೆ ಬಸವನಹುಳುವಿನ ಮೇಲೆ ಮಾತ್ರ ಆಸಕ್ತಿ ಉಳಿದಿತ್ತು, ಆರು ಪಾತಿಯ ಕಳೆ ನನ್ನ ಸೊಂಟಕ್ಕೆ ಬಂತು. ಆದ್ದರಿಂದ ಒಂದೇ ಪಾತಿ ಮಾಡಿ. ಅಗಲ ಮೂರು ಅಡಿ ಮೀರದಿದ್ದರೆ, ಮಗು ಎರಡೂ ಬದಿಯಿಂದ ಕೈಚಾಚಿ ನಡುಭಾಗವನ್ನು ಮುಟ್ಟಬಹುದು. ಒಳಗೆ ಕಾಲಿಟ್ಟು ಮಣ್ಣು ತುಳಿಯುವ ಪ್ರಸಂಗ ಬರುವುದಿಲ್ಲ.

ಮೊದಲ ಬಿತ್ತನೆಗೆ ಹರಿವೆ ಸೊಪ್ಪನ್ನು ಬಿಟ್ಟು ಬೇರೆ ಯೋಚಿಸಬೇಡಿ. ನಾಲ್ಕೈದು ದಿನದಲ್ಲಿ ಮೊಳಕೆ ಕಾಣುತ್ತದೆ, 25ರಿಂದ 30 ದಿನಕ್ಕೆ ಸಾರಿಗೆ ಬರುತ್ತದೆ. ಮಕ್ಕಳ ತಾಳ್ಮೆಗೆ ಅಷ್ಟೇ ಅವಧಿ ಸರಿ. ಬೀಜ ಸಾಸಿವೆಗಿಂತ ಸಣ್ಣದು, ಮಗುವಿನ ಕೈಗೆ ಹಾಗೇ ಕೊಟ್ಟರೆ ಒಂದೇ ಕಡೆ ಸುರಿದುಬಿಡುತ್ತದೆ. ಒಂದು ಚಮಚ ಬೀಜಕ್ಕೆ ಹತ್ತು ಚಮಚ ಒಣ ಮರಳು ಬೆರೆಸಿ, ತೊಳೆದು ಒಣಗಿಸಿದ ಖಾಲಿ ಪೌಡರ್ ಡಬ್ಬಿಗೆ ತುಂಬಿ ಕೊಡಿ. ಅದನ್ನು ಅಲುಗಿಸುತ್ತ ಪಾತಿಯುದ್ದಕ್ಕೂ ನಡೆದರೆ ಬಿತ್ತನೆ ಸಮನಾಗಿ ಮುಗಿಯುತ್ತದೆ. ಇರುವೆಗಳು ಬೀಜ ಹೊತ್ತೊಯ್ಯದಂತೆ ಪಾತಿಯ ಹೊರಗೆ ಸ್ವಲ್ಪ ರವೆ ಚೆಲ್ಲಿ, ಅವು ಅದರಲ್ಲೇ ತೊಡಗಿಕೊಳ್ಳುತ್ತವೆ.

ಜೊತೆಗೆ ಏಳೆಂಟು ಬೆಂಡೆ ಬೀಜಗಳನ್ನು ರಾತ್ರಿ ನೆನೆಹಾಕಿ, ಒಂದೊಂದು ಅಡಿಗೆ ಒಂದರಂತೆ ಊರಿರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಮನೆಯ ತೋಟಕ್ಕೂ ಹೊಂದುತ್ತದೆ. ಸುಮಾರು 45ರಿಂದ 50 ದಿನಕ್ಕೆ ಕಾಯಿ ಸಿಗುತ್ತದೆ, ಹೂವು ಅರಳಿದ ಆರನೆಯ ದಿನಕ್ಕೆ ಕಾಯಿ ಎಳೆಯದಾಗಿರುತ್ತದೆ. ದಿನ ಎಣಿಸುವ ಕೆಲಸವನ್ನು ಮಗಳಿಗೇ ಬಿಡಿ. ಬೆಂಡೆ ಗಿಡದ ಸುಂಕು ಕೈಗೆ ತುರಿಕೆ ಹತ್ತಿಸುತ್ತದೆ, ತುಂಬುತೋಳಿನ ಅಂಗಿ ಹಾಕಿಸಿ. ಮೆಂತ್ಯ, ಕೊತ್ತಂಬರಿಯನ್ನು ಜೋರು ಮಳೆಯಲ್ಲಿ ಬಿತ್ತಬೇಡಿ, ಕೊಳೆಯುತ್ತವೆ. ಬಸವನಹುಳುಗಳನ್ನು ಮಾತ್ರ ಮಗು ಬರಿಗೈಯಿಂದ ಮುಟ್ಟದಿರಲಿ. ಸಂಜೆ ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಿಗ್ಗೆ ಅದರಡಿ ಸೇರಿರುತ್ತವೆ, ನೀವೇ ಇಕ್ಕಳದಲ್ಲಿ ತೆಗೆದು ಉಪ್ಪುನೀರಿಗೆ ಹಾಕಿ.

ಹೊಸಮನೆ, ಮೈಸೂರು

ಇಬ್ಬರಿಗೂ ಧನ್ಯವಾದ. ಇಂದು ಬೆಳಿಗ್ಗೆ ಗುಂಡಿ ತೋಡಿದೆವು. ಹುಲ್ಲು ಗರಿಕೆಯೇ. ಐದು ಅಂಗುಲದವರೆಗೆ ಕೆಂಪುಮಣ್ಣು, ಅದರ ಕೆಳಗೆ ಗುದ್ದಲಿ ಠಣ್ಣೆಂದಿತು: ಜಲ್ಲಿ, ಗಾರೆಯ ಹೆಂಟೆಗಳು, ಇಟ್ಟಿಗೆ ಮತ್ತು ನೀಲಿ ಟೈಲ್ಸ್ ಚೂರುಗಳು. ಮಗಳಿಗೆ ನಿಧಿ ಸಿಕ್ಕಷ್ಟು ಸಂತೋಷ, ನನಗೆ ಯೋಜನೆಯೇ ಕೈಬಿಟ್ಟಷ್ಟು ನಿರಾಶೆ.

ಗೊಬ್ಬರಗುಂಡಿ, ತುಮಕೂರು

ನನ್ನ ಅನುಮಾನ ಇದೇ ಆಗಿತ್ತು. ಕಟ್ಟಡದ ಕಸವನ್ನೇ ಸಮತಟ್ಟು ಮಾಡಿ, ಮೇಲೆ ನಾಲ್ಕು ಬುಟ್ಟಿ ಮಣ್ಣೆಳೆದು ಹುಲ್ಲು ಹಾಸಿರುತ್ತಾರೆ. ಅದನ್ನೆಲ್ಲ ಅಗೆದು ಸಾಗಿಸುವ ಗೋಜಿಗೆ ಹೋಗಬೇಡಿ. ಮೇಲೆ ಏರುಮಡಿ ಕಟ್ಟಿ. ಆರು ಅಡಿ ಉದ್ದ, ಮೂರು ಅಡಿ ಅಗಲದ ಜಾಗದಲ್ಲಿ ಆ ಐದು ಅಂಗುಲದ ಮಣ್ಣನ್ನು ಸಡಿಲಿಸಿ, ಗರಿಕೆಯ ಬೇರನ್ನು ಆರಿಸಿ, ಸುತ್ತ ಇಟ್ಟಿಗೆಯನ್ನು ಗಾರೆಯಿಲ್ಲದೆ ಒಂದು ಅಡಿ ಎತ್ತರಕ್ಕೆ ಜೋಡಿಸಿ. ತುಂಬಲು 18 ಘನ ಅಡಿ ಮಣ್ಣು ಬೇಕು: ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಗೊಬ್ಬರದೊಳಗೆ ಕೈ ತೂರಿಸಿದಾಗ ಬಿಸಿ ತಾಗಿದರೆ ಅದು ಇನ್ನೂ ಕಳಿತಿಲ್ಲ, ಹಿಂದಕ್ಕೆ ಕಳುಹಿಸಿ. ಹಸಿ ಗೊಬ್ಬರದ ಜೊತೆ ಗೊಣ್ಣೆಹುಳುವೂ ಬರುತ್ತದೆ. ಇಟ್ಟಿಗೆಯ ಹೊರಗೆ ಸುತ್ತಲೂ ಒಂದು ಗೇಣು ಅಗಲ ಹುಲ್ಲು ಕೆತ್ತಿ ಬರಿದಾಗಿಡಿ. ಆ ಗಡಿಯನ್ನು ದಾಟಲು ಗರಿಕೆಯ ಕುಡಿ ಬಂದಾಗಲೆಲ್ಲ ಹಿಡಿದು ಕೀಳುವ ಕಾವಲುಗಾರ್ತಿ ನಿಮ್ಮ ಮನೆಯಲ್ಲೇ ಇದ್ದಾಳೆ.

ಕೆರೆಏರಿ, ಮಂಡ್ಯ

ಒಂದು ಚಿಕ್ಕ ಮಾತು. ಉಳಿದ ಹುಲ್ಲುಹಾಸಿನ ಒಂದು ಅಂಚನ್ನು ಯಂತ್ರಕ್ಕೆ ಕೊಡದೆ ಬಿಡಿ. ಗಣೇಶನ ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಬಾಡಿದ ಗರಿಕೆಯ ಕಟ್ಟಿಗೆ ಹಣ ಕೊಟ್ಟು ಬರುವವರಲ್ಲಿ ನಾನೂ ಒಬ್ಬ.

ಹೊಸಮನೆ, ಮೈಸೂರು

ಇಟ್ಟಿಗೆ ಮತ್ತು ಗೊಬ್ಬರಕ್ಕೆ ಹೇಳಿದ್ದಾಗಿದೆ. ಮಗಳು ನೀಲಿ ಟೈಲ್ಸ್ ಚೂರುಗಳನ್ನು ತೊಳೆದು ಸಾಲಾಗಿ ಇಟ್ಟಿದ್ದಾಳೆ, ಪಾತಿಯ ಅಂಚಿಗೆ ಅವೇ ಬೇಕಂತೆ. ಇಡಬಹುದೇ?

ಹಿತ್ತಲಜ್ಜಿ, ಶಿರಸಿ

ಇಡಬಹುದು. ಚೂಪಾದ ಅಂಚನ್ನು ನೀವು ಒರಟು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಡಿ. ಮಣ್ಣಿಗೆ ಬೆರಳು ಹಾಕುವ ಕಡೆ ಬೇಡ, ಇಟ್ಟಿಗೆಯ ಹೊರಮೈಗೆ ಒರಗಿಸಿ ಊರಿರಲಿ.