ಸಹಾಯ ಬೇಕು: ಬೇಲೂರು ನವರಂಗಕ್ಕೆ ಎಫ್2.8 ಜೂಮಾ, ಎಫ್4 ಜೂಮಾ?

ನಮಸ್ಕಾರ. ಕ್ಯಾಮೆರಾ ಬಾಡಿ ಸೋನಿ ಎ7 ಮಾರ್ಕ್ 3, ಈಗಿರೋದು 28–70 ಎಂಎಂ ಕಿಟ್ ಲೆನ್ಸ್. ಚೆನ್ನಕೇಶವ ಗುಡಿ ಒಳಗೆ, ನವರಂಗ ಅನ್ನೋ ಕಂಬಗಳ ಮಂಟಪದಲ್ಲಿ, ಟ್ರೈಪಾಡ್ ಇಲ್ಲದೆ ಕೈಯಲ್ಲೇ ತೆಗೀಬೇಕು. ಎಫ್3.5 (ಎಫ್ ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ), ಶಟರ್ 1/15 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 6400 ಇಟ್ರೆ ಚಾವಣಿಯ ಸಣ್ಣ ಕೆತ್ತನೆಯೆಲ್ಲ ನಾಯ್ಸ್‌ನಲ್ಲಿ (ಕಾಳುಕಾಳಾಗಿ) ಕಲಸಿಹೋಗುತ್ತೆ. ಐಎಸ್‌ಒ 1600ಕ್ಕೆ ಇಳಿಸಿ 1/4ಕ್ಕೆ ಹೋದ್ರೆ ಹತ್ತರಲ್ಲಿ ಎರಡೋ ಮೂರೋ ಶಾರ್ಪ್.

ನೋಡಿಟ್ಟಿರೋದು ಎರಡು. ಟ್ಯಾಮ್ರಾನ್ 28–75 ಎಫ್2.8 ಜಿ2: 540 ಗ್ರಾಂ, ಎಫ್4ಗಿಂತ ಒಂದು ಸ್ಟಾಪ್ ಬೆಳಕು ಜಾಸ್ತಿ (ಅಂದ್ರೆ ಎರಡು ಪಟ್ಟು), ಆದ್ರೆ ಲೆನ್ಸ್‌ನಲ್ಲಿ ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸೋದು) ಇಲ್ಲ. ಹತ್ತಿರದಿಂದ 75ರಲ್ಲಿ ಪೂರ್ತಿ ತೆರೆದು ತೆಗೆದ್ರೆ ಮೂರ್ತಿಯ ಮೂಗು ಶಾರ್ಪ್, ಹಿಂದಿನ ಬಳ್ಳಿ ಮಸುಕು. ಅಲ್ಲಿ ಆ ಸ್ಟಾಪ್ ಕೆಲಸಕ್ಕೆ ಬರಲ್ಲ. ಸೋನಿ 24–105 ಎಫ್4 ಜಿ: 663 ಗ್ರಾಂ, ಲೆನ್ಸ್‌ನಲ್ಲೇ ಸ್ಟೆಬಿಲೈಸೇಶನ್ ಅಂದ್ರೆ ಓಎಸ್‌ಎಸ್ ಇದೆ. 24ಕ್ಕೆ 84 ಡಿಗ್ರಿ ನೋಟ, 28ಕ್ಕೆ 75. ಕಂಬಗಳ ಮಧ್ಯೆ ಹಿಂದೆ ಸರಿಯೋಕೆ ಜಾಗ ಇಲ್ಲದಾಗ ಇದು ದೊಡ್ಡ ವ್ಯತ್ಯಾಸ. ಹೊರಗೆ ಸೂರಿನಡಿಯ ಮದನಿಕೆಯರಿಗಂತೂ 105 ಬೇಕೇ ಬೇಕು.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ: ಬಾಡಿಯಲ್ಲೇ 5 ಆ್ಯಕ್ಸಿಸ್ ಸ್ಟೆಬಿಲೈಸೇಶನ್ ಇದೆ. ಕಿಟ್ ಲೆನ್ಸಲ್ಲೂ ಓಎಸ್‌ಎಸ್ ಇದೆ, ಆದ್ರೆ ಸ್ವಿಚ್ ಇಲ್ಲ. ಮೆನುವಲ್ಲಿ ಆಫ್ ಮಾಡಿದ್ರೆ ಬಾಡಿಯದ್ದೂ ಆಫ್ ಆಗುತ್ತೆ. ಯಾವುದು ಎಷ್ಟು ಹಿಡಿಯುತ್ತೆ ಅಂತ ಬೇರೆ ಮಾಡಿ ನೋಡೋಕೇ ಆಗ್ತಿಲ್ಲ.

ಬೇಲೂರು, ಹಳೇಬೀಡಲ್ಲಿ ಇವೆರಡನ್ನೂ ಬಳಸಿದವರು ಹೇಳಿ: 24–35ರ ಒಳಗೆ ಓಎಸ್‌ಎಸ್ ನಿಜಕ್ಕೂ ಒಂದು ಸ್ಟಾಪ್ ಹೆಚ್ಚು ಕೊಡುತ್ತಾ? 24–105ರಲ್ಲಿ 24ಕ್ಕೆ ಎಷ್ಟು ಶಟರ್‌ವರೆಗೆ ಭರವಸೆಯಿಂದ ಶಾರ್ಪ್ ಬರುತ್ತೆ?