ಕ್ಷುದ್ರಗ್ರಹ ಭೂಮಿಯನ್ನು ‘ಸವರಿತೆ’, ‘ಹಾದುಹೋಯಿತೆ’? ಕ್ರಿಯಾಪದದ ಬಗ್ಗೆ ಒಂದು ವಿಚಾರಣೆ

ಮಾನ್ಯರೆ,

2023ರ ಜನವರಿ ಕೊನೆಯ ವಾರದಲ್ಲಿ ‘2023 ಬಿಯು’ ಎಂಬ ಕ್ಷುದ್ರಗ್ರಹವು ದಕ್ಷಿಣ ಅಮೆರಿಕದ ತೆಂಕಣ ತುದಿಯ ಮೇಲೆ, ನೆಲದಿಂದ ಸುಮಾರು 3,600 ಕಿಲೋಮೀಟರ್ ಎತ್ತರದಲ್ಲಿ ಸಾಗಿತು. ಅದರ ಅಗಲ ಹತ್ತು ಮೀಟರಿಗಿಂತ ಕಡಿಮೆ. ಹವ್ಯಾಸಿ ಖಗೋಳವೀಕ್ಷಕ ಗೆನ್ನಾಡಿ ಬೋರಿಸೊವ್ ಅದನ್ನು ಕ್ರೈಮಿಯಾದಿಂದ ಗುರುತಿಸಿ ಇನ್ನೂ ವಾರ ತುಂಬಿರಲಿಲ್ಲ. ಇಂತಹ ಘಟನೆಗಳ ಬಗ್ಗೆ ಬರೆಯುವಾಗ ‘ಭೂಮಿಯನ್ನು ಸವರಿಕೊಂಡು ಹೋಯಿತು’, ‘ಭೂಮಿ ಕೂದಲೆಳೆಯಲ್ಲಿ ಪಾರಾಯಿತು’, ‘ಭೂಮಿಯತ್ತ ಧಾವಿಸುತ್ತಿದೆ’, ‘ಭೂಮಿಯ ಸಮೀಪ ಹಾದುಹೋಯಿತು’ ಎಂಬ ವಾಕ್ಯಗಳನ್ನು ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಳಸುತ್ತಿದ್ದೇವೆ. ಇವು ಸಮಾನಾರ್ಥಕಗಳಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಸವರು’ ಎಂಬ ಕ್ರಿಯೆಗೆ ಸ್ಪರ್ಶ ಬೇಕೇ ಬೇಕು. ತಲೆ ಸವರುವುದಾಗಲಿ, ಎಣ್ಣೆ ಸವರುವುದಾಗಲಿ, ಕತ್ತಿಯಿಂದ ಸವರಿಹಾಕುವುದಾಗಲಿ, ಮುಟ್ಟದೆ ಆಗುವ ಕೆಲಸವಲ್ಲ. ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಸಾಗಿದ ಕಲ್ಲಿಗೆ ಆ ಮಾತು ಸಲ್ಲದು. ಆದರೆ ಈ ಪದಕ್ಕೆ ತಕ್ಕ ಘಟನೆಯೂ ನಡೆದಿದೆ: 1972ರ ಆಗಸ್ಟ್ 10ರಂದು ಒಂದು ಆಕಾಶಕಾಯವು ಅಮೆರಿಕದ ಯೂಟಾದಿಂದ ಕೆನಡಾದ ಆಲ್ಬರ್ಟಾವರೆಗೆ ಹಾಡಹಗಲಲ್ಲೇ ಉರಿಯುತ್ತಾ, ನೆಲದಿಂದ 57 ಕಿಲೋಮೀಟರಿನಷ್ಟು ಎತ್ತರಕ್ಕೆ ಇಳಿದು, ವಾತಾವರಣವನ್ನು ಉಜ್ಜಿಕೊಂಡು ಮತ್ತೆ ಬಾಹ್ಯಾಕಾಶಕ್ಕೆ ಹೊರಟುಹೋಯಿತು. ‘ಸವರಿಹೋಯಿತು’ ಎಂಬುದನ್ನು ಇಂತಹ ಘಟನೆಗೆ ಮೀಸಲಿಡಬೇಕೆಂದು ನನ್ನ ಕೋರಿಕೆ.

‘ಪಾರಾಗು’ ಎಂಬ ಪದದ ತೊಂದರೆ ಬೇರೆ ಬಗೆಯದು. ಪಾರಾಗಬೇಕಾದರೆ ಮೊದಲು ಗಂಡಾಂತರವಿರಬೇಕು. ಕಕ್ಷೆಯನ್ನು ಲೆಕ್ಕಹಾಕಿ, ಡಿಕ್ಕಿಯಾಗುವುದಿಲ್ಲವೆಂದು ಮುಂಚಿತವಾಗಿಯೇ ತಿಳಿದಿದ್ದ ಮೇಲೆ ಭೂಮಿ ಯಾವುದರಿಂದ ಪಾರಾಯಿತು? 2029ರ ಏಪ್ರಿಲ್ 13ರಂದು ಅಪೋಫಿಸ್ ಕ್ಷುದ್ರಗ್ರಹವು ನೆಲದಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ, ಅಂದರೆ ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳಿಗಿಂತಲೂ ಈಚೆಗೆ ಬರಲಿದೆ. 2004ರ ಕೊನೆಯಲ್ಲಿ ಕೆಲವು ದಿನಗಳ ಮಟ್ಟಿಗೆ ಅದು ಭೂಮಿಗೆ ಡಿಕ್ಕಿ ಹೊಡೆದೀತೆಂಬ ಆತಂಕವಿದ್ದುದು ನಿಜವಾದರೂ, ಮುಂದಿನ ಅವಲೋಕನಗಳು ಆ ಸಾಧ್ಯತೆಯನ್ನು ಅಳಿಸಿಹಾಕಿವೆ. 2029ರ ಆ ದಿನ ‘ಭೂಮಿ ಪಾರು’ ಎಂಬ ಶೀರ್ಷಿಕೆ ಬಂದರೆ ಇಲ್ಲದ ಭಯವನ್ನು ಇದ್ದಂತೆ ತೋರಿಸಿದಂತಾಗುತ್ತದೆ. ‘ಭೂಮಿಯತ್ತ’ ಎಂಬುದರಲ್ಲಿಯೂ ಇದೇ ದೋಷವಿದೆ. ‘ಅತ್ತ’ ಎಂದೊಡನೆ ಓದುಗನ ಮನಸ್ಸಿನಲ್ಲಿ ಭೂಮಿಯೇ ಗುರಿಯಾಗುತ್ತದೆ.

ಉಳಿದದ್ದು ‘ಹಾದುಹೋಗು’. ಇದರ ಮೂಲವಾದ ‘ಹಾಯು’, ಹಳಗನ್ನಡದ ‘ಪಾಯ್’, ನೆಗೆಯುವುದು, ಮೇಲೆರಗುವುದು, ದಾಟುವುದು ಎಂಬ ಅರ್ಥಗಳನ್ನು ಒಟ್ಟಿಗೇ ಹೊತ್ತಿದೆ. ‘ಹೊಳೆ ಹಾಯ್ದರು’ ಎಂದರೆ ದಾಟಿದರು. ‘ಎತ್ತು ಹಾಯಿತು’ ಎಂದರೆ ಕೊಂಬಿನಿಂದ ತಿವಿಯಿತು. ‘ಹೋಗು’ ಎಂಬುದು ಸೇರಿದಾಗ ಮಾತ್ರ ಏಟಿನ ಅರ್ಥ ಕಳಚಿ, ಪಕ್ಕದಿಂದ ಸಾಗುವ ಅರ್ಥ ಗಟ್ಟಿಯಾಗುತ್ತದೆ. 2013ರ ಫೆಬ್ರವರಿ 15ರಂದು ಎರಗುವುದಕ್ಕೂ ಹಾದುಹೋಗುವುದಕ್ಕೂ ಇರುವ ಈ ವ್ಯತ್ಯಾಸದ ಬೆಲೆ ಚೆನ್ನಾಗಿ ತಿಳಿಯಿತು. ಆ ದಿನ ‘2012 ಡಿಎ14’ ಕ್ಷುದ್ರಗ್ರಹವು ನೆಲದಿಂದ ಸುಮಾರು 27,700 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅದಕ್ಕೆ ಕೆಲವು ಗಂಟೆಗಳ ಮೊದಲು, ಅದರೊಡನೆ ಯಾವ ಸಂಬಂಧವೂ ಇಲ್ಲದ, ಸುಮಾರು 20 ಮೀಟರ್ ಅಗಲದ ಇನ್ನೊಂದು ಕಲ್ಲು ರಷ್ಯದ ಚೆಲ್ಯಾಬಿನ್ಸ್ಕ್ ಬಳಿ ಎರಗಿ ಆಗಸದಲ್ಲೇ ಸಿಡಿಯಿತು. ಅದರ ಆಘಾತದ ಅಲೆಗೆ ಕಿಟಕಿ ಗಾಜುಗಳು ಒಡೆದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಮೊದಲನೆಯದು ಕ್ಷುದ್ರಗ್ರಹವಾಗಿಯೇ ಉಳಿಯಿತು, ಎರಡನೆಯದು ವಾತಾವರಣದಲ್ಲಿ ಉರಿದು ಉಲ್ಕೆಯಾಯಿತು, ನೆಲಕ್ಕೆ ಬಿದ್ದ ಅದರ ಚೂರುಗಳು ಉಲ್ಕಾಶಿಲೆಗಳಾದವು. ಈ ಮೂರು ಹೆಸರುಗಳನ್ನು ಬೆರೆಸಿ ಬರೆಯುವುದು ಇನ್ನೂ ನಿಂತಿಲ್ಲ.

‘ಸಮೀಪ’ ಎಂಬ ವಿಶೇಷಣವೂ ಸಾಲದು. ಅಪಾಯದ ಸಾಧ್ಯತೆಯುಳ್ಳ ಕಾಯಗಳನ್ನು ಪಟ್ಟಿಮಾಡುವಾಗ ಖಗೋಳವಿಜ್ಞಾನಿಗಳು ಭೂಮಿಯ ಮತ್ತು ಆ ಕಾಯದ ಕಕ್ಷೆಗಳ ನಡುವಿನ ಕನಿಷ್ಠ ಅಂತರಕ್ಕೆ ಇಟ್ಟುಕೊಂಡಿರುವ ಮಿತಿ ಸುಮಾರು 75 ಲಕ್ಷ ಕಿಲೋಮೀಟರ್. ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರ್. ‘2023 ಬಿಯು’ ಬಂದದ್ದು 3,600 ಕಿಲೋಮೀಟರಿಗೆ. ಎಲ್ಲವೂ ‘ಸಮೀಪ’ವೇ ಆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ‘ಚಂದ್ರನಿಂದಾಚೆ’, ‘ಚಂದ್ರನಿಂದೀಚೆ’, ‘ಉಪಗ್ರಹಗಳಿಂದೀಚೆ’ ಎಂದು ನಮ್ಮ ಆಚೆ-ಈಚೆಗಳನ್ನೇ ಬಳಸಿದರೆ ದೂರ ತಟ್ಟನೆ ಕಣ್ಣಿಗೆ ಕಟ್ಟುತ್ತದೆ.

ನನಗೆ ಉತ್ತರ ದೊರೆಯದ ಪ್ರಶ್ನೆ ಇದು. ‘2023 ಬಿಯು’ ಬಂದ ಹಾಗೆಯೇ ಹೋಗಲಿಲ್ಲ. ಭೂಮಿಯ ಸೆಳೆತ ಅದರ ದಾರಿಯನ್ನು ಬಗ್ಗಿಸಿತು. ಸೂರ್ಯನನ್ನು 359 ದಿನಗಳಲ್ಲಿ ಸುತ್ತುತ್ತಿದ್ದ ಕಲ್ಲು, ಆ ಭೇಟಿಯ ಬಳಿಕ ಸುಮಾರು 425 ದಿನಗಳನ್ನು ತೆಗೆದುಕೊಳ್ಳುವಂತಾಯಿತು. ‘ಹಾದುಹೋಗು’ ಎಂಬುದರಲ್ಲಿ ಈ ಬಾಗುವಿಕೆಯ ಸುಳಿವಿಲ್ಲ. ‘ಬಳಸಿಹೋಗು’ ಎಂದರೆ ಭೂಮಿಗೆ ಪ್ರದಕ್ಷಿಣೆ ಬಂದಂತೆ ಕೇಳಿಸುತ್ತದೆ; ‘ತಿರುಗಿಹೋಗು’ ಎಂದರೆ ಹಿಂದಿರುಗಿದಂತೆ. ಮುಟ್ಟದೆ ಸಾಗುವುದನ್ನೂ ಸಾಗುತ್ತಾ ಬಾಗುವುದನ್ನೂ ಒಟ್ಟಿಗೆ ಹೇಳುವ ಕ್ರಿಯಾಪದ ಹಳಗನ್ನಡದಲ್ಲಾಗಲಿ ಆಡುಮಾತುಗಳಲ್ಲಾಗಲಿ ಇದ್ದರೆ, ಬಲ್ಲವರು ಪ್ರಯೋಗಸಹಿತ ತಿಳಿಸಬೇಕಾಗಿ ವಿನಂತಿ.