ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಬೇರೆ ಬೇರೆಯಾಗಿ ಕೆಲಸ ಮಾಡಬಹುದೇ?

ಪ್ರಶ್ನೆ (ಚಿಂತಾಮಣಿ):
ನಮ್ಮ ವಾಚನಾಲಯಕ್ಕೆ ದಾನಿಯೊಬ್ಬರು 16 ಜಿಬಿ ರ್‍ಯಾಮ್ ಇರುವ ಒಂದು ಕಂಪ್ಯೂಟರನ್ನೂ ಎರಡು ಮಾನಿಟರುಗಳನ್ನೂ ಕೊಟ್ಟಿದ್ದಾರೆ. ಒಬ್ಬ ವಿದ್ಯಾರ್ಥಿ ಅರ್ಜಿ ತುಂಬುತ್ತಿರುವಾಗಲೇ ಇನ್ನೊಬ್ಬರು ಎರಡನೆಯ ಪರದೆಯಲ್ಲಿ ತಮ್ಮದೇ ಲಾಗಿನ್‌ನಿಂದ ಪಾಠ ನೋಡುವಂತಾಗಬೇಕು ಎಂಬುದು ನಮ್ಮ ಆಸೆ. ಆದರೆ ಎರಡನೆಯ ಮಾನಿಟರ್ ಜೋಡಿಸಿದಾಗ ಅದೇ ಡೆಸ್ಕ್‌ಟಾಪ್ ಅಗಲವಾಯಿತೇ ಹೊರತು ಬೇರೆಯಾಗಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ತುಮಕೂರು):
ಖಂಡಿತ ಸಾಧ್ಯವಿದೆ. ಈ ವ್ಯವಸ್ಥೆಗೆ ಮಲ್ಟಿಸೀಟ್ ಎನ್ನುತ್ತಾರೆ. ಒಂದು ಪರದೆ, ಒಂದು ಕೀಬೋರ್ಡ್, ಒಂದು ಮೌಸ್ ಸೇರಿದರೆ ಒಂದು ಸೀಟ್. ಸಿಸ್ಟಮ್‌ಡಿ (ಯಂತ್ರ ಚಾಲೂ ಆದಾಗ ಸೇವೆಗಳನ್ನೂ ಲಾಗಿನ್‌ಗಳನ್ನೂ ನಿರ್ವಹಿಸುವ ತಂತ್ರಾಂಶ) ಇರುವ ಲಿನಕ್ಸ್‌ನಲ್ಲಿ, ಅಂದರೆ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆಯಲ್ಲಿ, ಇದಕ್ಕೆ ಬೇರೆ ತಂತ್ರಾಂಶ ಕೊಳ್ಳಬೇಕಿಲ್ಲ. ‘ಲಾಗಿನ್‌ಸಿಟಿಎಲ್ ಸೀಟ್-ಸ್ಟೇಟಸ್ ಸೀಟ್0’ ಎಂಬ ಆಜ್ಞೆ ಕೊಟ್ಟರೆ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ) ಮೊದಲ ಸೀಟಾದ ಸೀಟ್0ಕ್ಕೆ ಜೋಡಿಸಿದ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ಎರಡನೆಯ ಗ್ರಾಫಿಕ್ಸ್ ಕಾರ್ಡನ್ನೂ (ಪರದೆಗೆ ಚಿತ್ರ ಕಳಿಸುವ ಭಾಗ) ಎರಡನೆಯ ಕೀಬೋರ್ಡ್, ಮೌಸ್ ಚುಚ್ಚಿರುವ ಒಂದು ಯುಎಸ್‌ಬಿ ಹಬ್ (ಹಲವು ಪೋರ್ಟುಗಳ ಪೆಟ್ಟಿಗೆ) ಅನ್ನೂ ಗುರುತಿಸಿ ‘ಅಟ್ಯಾಚ್’ ಆಜ್ಞೆಯಿಂದ ಎರಡನೆಯ ಸೀಟಾದ ಸೀಟ್1ಕ್ಕೆ ಸೇರಿಸಿದರೆ, ಯಂತ್ರ ಮತ್ತೆ ಚಾಲೂ ಆದಾಗಲೂ ಆ ಹಂಚಿಕೆ ಹಾಗೆಯೇ ಉಳಿಯುತ್ತದೆ. ಒಂದೇ ಕಾರ್ಡಿನ ಎರಡು ಪೋರ್ಟುಗಳನ್ನು ಎರಡು ಸೀಟಿಗೆ ಹಂಚಲು ಸಾಮಾನ್ಯವಾಗಿ ಆಗುವುದಿಲ್ಲ. ನಿಮಗೆ ಎದುರಾದ ತೊಡಕು ಬಹುಶಃ ಇದೇ.

ಉತ್ತರ (ಮಾಲೂರು):
ಮೇಲಿನ ಮಾತಿಗೆ ಒಂದು ಸೇರ್ಪಡೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದೊಡನೆ ಅನೇಕ ಮದರ್‌ಬೋರ್ಡುಗಳು (ಕಂಪ್ಯೂಟರಿನ ಮುಖ್ಯ ಫಲಕ) ತಮ್ಮೊಳಗಿನ ಗ್ರಾಫಿಕ್ಸನ್ನು ನಿಲ್ಲಿಸಿಬಿಡುತ್ತವೆ. ಬಯಾಸ್‌ಗೆ (ಯಂತ್ರ ಚಾಲೂ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಹೋಗಿ ಅದನ್ನು ಚಾಲೂ ಇಡಿ. ವಿಂಡೋಸ್ ಸರ್ವರ್ 2016ರಲ್ಲಿದ್ದ, ಇಂಥದೇ ಕೆಲಸ ಮಾಡುತ್ತಿದ್ದ ಮಲ್ಟಿಪಾಯಿಂಟ್ ಸೌಲಭ್ಯವನ್ನು 2019ರ ಆವೃತ್ತಿಯಲ್ಲಿ ತೆಗೆದುಹಾಕಿದ್ದಾರೆ, ಆದ್ದರಿಂದ ವಾಚನಾಲಯಕ್ಕೆ ಲಿನಕ್ಸೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಕರೆಂಟ್ ಹೋದರೆ ಇಬ್ಬರ ಕೆಲಸವೂ ಒಟ್ಟಿಗೇ ನಿಲ್ಲುವುದರಿಂದ ಯುಪಿಎಸ್ ಇರಲೇಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇಯರ್‌ಫೋನ್ ಧ್ವನಿಯೂ ಬೇರೆಯಾಗಿ ಬರುವುದೇ?

ಉತ್ತರ (ತುಮಕೂರು):
ಬರುತ್ತದೆ. ಯುಎಸ್‌ಬಿ ಹೆಡ್‌ಸೆಟ್ಟನ್ನು ಸೀಟ್1ರ ಹಬ್ಬಿಗೇ ಚುಚ್ಚಿದರೆ ಸಾಕು.